ನಾನು ಜೈಸಲ್ಮೇರ್ ನೋಡಿಲ್ಲ

ಅಮೆರಿಕಾದ ಈ ಮೀರಾ ಮೆಸಾ ಬಡಾವಣೆಗೆ ಮನೆ ಮಾಡಿಕೊಂಡು ಬಂದವರೆಲ್ಲ ಮೊದಲ ವಾರದಲ್ಲೇ ಬೈಯುವುದು ಯುದ್ಧವಿಮಾನಗಳನ್ನು. ಪಕ್ಕದಲ್ಲೇ ಸೇನೆಯ ವಿಮಾನನೆಲೆ ಇದೆ. ಆಫೀಸಿನ ಮೀಟಿಂಗ್ ನಡುವೆ, ಮಗು ಆಗಷ್ಟೇ ಕಣ್ಣು ಮುಚ್ಚಿದಾಗ, ಒಗ್ಗರಣೆಯ ಸಾಸಿವೆ ಸಿಡಿಯುವಾಗ, ತಲೆಯ ಮೇಲೆ ಗುಡುಗುತ್ತಾ ಹೋಗುತ್ತವೆ. ನನಗೆ ಮಾತ್ರ ಆ ಸದ್ದು ಕೇಳಿದರೆ ತವರಿನಿಂದ ಯಾರೋ ಕೂಗಿದ ಹಾಗೆ ಆಗುತ್ತಿತ್ತು. ಏಕೆಂದರೆ ನಾನು ಎರಡನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ ಓದಿದ್ದು ಜೈಸಲ್ಮೇರಿನಲ್ಲಿ. ಅಪ್ಪ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುವ ಕೆಲಸದಲ್ಲಿದ್ದರು. ಮೈಸೂರಿನ ಸಂಸಾರ ಮರಳುಗಾಡಿನಲ್ಲಿ ಕಣ್ಣು ಬಿಟ್ಟಿತ್ತು.

ಇದನ್ನು ನಾನು ಬಹಳ ಜನರಿಗೆ ಹೇಳುತ್ತಿರಲಿಲ್ಲ. ಹೇಳಿದರೆ "ಓ, ಒಂಟೆ ಹತ್ತಿದ್ರಾ?" ಎಂದು ಕೇಳುತ್ತಾರೆ, ಅಲ್ಲಿಗೆ ಅವರ ಕುತೂಹಲ ಮುಗಿಯುತ್ತದೆ. ಪೂರ್ತಿ ಹೇಳಿದ್ದು ಒಬ್ಬಳಿಗೆ ಮಾತ್ರ. ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆಗ ಅನ್ನಿಸಿರಲಿಲ್ಲವಲ್ಲ.

ಅವಳು ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದವಳು, ಈಗಲೂ ಇದ್ದಾಳೆ. ನನ್ನದೇ ವಯಸ್ಸು, ಬೆಂಗಳೂರಿನ ಬಸವನಗುಡಿಯವಳು. ಅವಳಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. "ನಮ್ಮಪ್ಪ ಟ್ರಾನ್ಸ್‌ಫರ್ ಬೇಡ ಅಂತ ಪ್ರಮೋಷನ್ನೇ ಬಿಟ್ರು ಕಣೇ, ಗಾಂಧಿಬಜಾರ್ ಬಿಟ್ಟು ಹೋಗಬೇಕಾಗುತ್ತೆ ಅಂತ" ಎಂದು ಅವಳೇ ನಗುತ್ತಿದ್ದಳು. ಈ ಬ್ಯಾಂಕಿನ ಅಪ್ಪನನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ನಮ್ಮ ಸ್ನೇಹ ಶುರುವಾದದ್ದು ಹೆಪ್ಪಿನಿಂದ. 2020ರಲ್ಲಿ ಎಲ್ಲ ಬಾಗಿಲು ಮುಚ್ಚಿಕೊಂಡು ಕುಳಿತಿದ್ದಾಗ ನಮ್ಮ ಮನೆಯ ಮೊಸರು ಕೆಟ್ಟು ನಾರುನಾರಾಯಿತು. ಇಂಡಿಯನ್ ಅಂಗಡಿಯ ಮುಂದೆ ಮಾಸ್ಕ್ ಹಾಕಿಕೊಂಡವರ ಸಾಲು. ಕನ್ನಡದವರ ಗುಂಪಿನಲ್ಲಿ "ಯಾರಾದರೂ ಒಂದು ಚಮಚ ಹೆಪ್ಪು ಕೊಡ್ತೀರಾ" ಎಂದು ಮೆಸೇಜ್ ಹಾಕಿದೆ. ಸಂಜೆ ಹೊತ್ತಿಗೆ ಬಾಗಿಲ ಹೊರಗೆ ಪುಟ್ಟ ಸ್ಟೀಲ್ ಬಟ್ಟಲು, ಆಚೆ ಡ್ರೈವ್‌ವೇಯಲ್ಲಿ ಮಾಸ್ಕ್ ಹಾಕಿ ಕೈಬೀಸುತ್ತಿದ್ದ ಅವಳು. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು ಎಂಬುದು ಇಬ್ಬರ ಮನೆಯಲ್ಲೂ ಕಲಿಸಿದ ಪಾಠ. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಕೊಡಬಾರದು, ಮನೆಯ ಲಕ್ಷ್ಮಿ ಮೊಸರಿನ ಜೊತೆ ಹೊರಟುಹೋಗುತ್ತಾಳೆ ಎಂಬುದೂ ಅದೇ ಪಾಠದ ಇನ್ನೊಂದು ಸಾಲು. ಇದನ್ನು ನಾನು ಎತ್ತಿದಾಗ ಅವಳು, "ಅಮೆರಿಕಾದಲ್ಲಿ ಲಕ್ಷ್ಮಿಗೆ ಟೈಮ್ ಝೋನ್ ಬೇರೆ ಕಣೇ" ಎಂದು ತೀರ್ಪು ಕೊಟ್ಟಳು. ಅಲ್ಲಿಂದ ಮುಂದೆ ನಮ್ಮ ಹೆಪ್ಪು ಹಗಲೆನ್ನದೆ ಕತ್ತಲೆನ್ನದೆ ಓಡಾಡಿತು. ಅವಳದು ಹುಳಿಯಾದರೆ ನನ್ನದು, ನನ್ನದು ಕೆಟ್ಟರೆ ಅವಳದು. ಮಾತಿಗೆ ಮಾತು ಬೆಳೆದು ಮುನಿಸಿಕೊಂಡರೂ ಮರುದಿನ ಇಬ್ಬರಲ್ಲಿ ಯಾರಾದರೊಬ್ಬರು ಬಟ್ಟಲು ಹಿಡಿದು ಬರುತ್ತಿದ್ದರು. ಕ್ಷಮಿಸು ಎಂದು ಬಾಯಿಬಿಟ್ಟು ಹೇಳುವ ಕಷ್ಟ ಹೀಗೆ ತಪ್ಪುತ್ತಿತ್ತು.

ಕೆಲಸ ಮುಗಿಸಿ ಇಬ್ಬರೂ ಮಿರಾಮಾರ್ ಕೆರೆಯ ಸುತ್ತ ನಡೆಯಲು ಹೋಗುತ್ತಿದ್ದೆವು. ಒಂದು ಸಂಜೆ ವಿಮಾನಗಳು ಜೋಡಿಯಾಗಿ ಹಾರಿದವು. ಅವಳು ಕಿವಿ ಮುಚ್ಚಿಕೊಂಡಳು, ನಾನು ನಕ್ಕೆ. ಯಾಕೆ ನಗುತ್ತೀಯ ಎಂದು ಕೇಳಿದಳು. ಅಲ್ಲಿಂದ ಶುರುವಾಯಿತು ನನ್ನ ಪುರಾಣ.

ದಿನಕ್ಕೊಂದು ಜಾಗ. ಮಿರಾಮಾರ್ ಕೆರೆಯನ್ನೇ ಜೈಸಲ್ಮೇರಿನ ಗಡೀಸರ್ ಕೆರೆ ಮಾಡಿಕೊಂಡು, ಬ್ರೆಡ್ ತುಂಡಿಗೆ ಬಾಯಿ ತೆರೆದು ಮೇಲೇಳುವ ಅಲ್ಲಿಯ ಮೀಸೆಮೀನುಗಳನ್ನು ತೋರಿಸಿದೆ. ಕೋಟೆಯ ಒಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ, ಬಟ್ಟೆ ಒಣಗಿಸುತ್ತಾರೆ, ಜಗಳವಾಡುತ್ತಾರೆ ಎಂದೆ. ಒಂದರ ಹಿಂದೊಂದು ಬರುವ ಕೋಟೆಬಾಗಿಲುಗಳಲ್ಲಿ ಕಡೆಯದು ಹವಾ ಪೋಲ್; ಮೇ ತಿಂಗಳಲ್ಲೂ ಅದರ ನೆರಳಿನಲ್ಲಿ ಗಾಳಿ ಆಡುತ್ತದೆ, ಮುದುಕರೆಲ್ಲ ಅಲ್ಲಿಯೇ ಕುಳಿತು ಊರಿನವರ ವಿಷಯ ಮಾತಾಡುತ್ತಾರೆ ಎಂದೆ. ಭಾನುವಾರ ಬಂತೆಂದರೆ ಅಪ್ಪ ಸ್ಕೂಟರ್ ತೆಗೆಯುತ್ತಿದ್ದರು. ಮುಂದೆ ನಿಂತುಕೊಂಡು ನಾನು, ಹಿಂದೆ ಅಮ್ಮ, ಅಮ್ಮನ ಮಡಿಲಲ್ಲಿ ಮೊಸರನ್ನದ ಡಬ್ಬಿ; ತಮ್ಮ ಇನ್ನೂ ಹುಟ್ಟಿರಲಿಲ್ಲ. ಒಂದು ವಾರ ಲೋದರ್ವಾದ ಜೈನ ದೇವಸ್ಥಾನ, ಇನ್ನೊಂದು ವಾರ ಜನ ಬಿಟ್ಟುಹೋದ ಕುಲಧರಾ ಹಳ್ಳಿ, ಮತ್ತೊಂದು ವಾರ ಅಮರಸಾಗರ. ಮರಳು ದಿಬ್ಬಗಳಿಗೆ ಮಾತ್ರ ಬಸ್ಸು. ಎಲ್ಲಿಗೆ ಹೋದರೂ ಅಪ್ಪ ಊಟಕ್ಕೆ ಮೊದಲು ನೋಡಬೇಕಾದ್ದನ್ನೆಲ್ಲ ನೋಡಿಬಿಡಬೇಕೆನ್ನುವರು, ಅಮ್ಮ ಮೊದಲು ಊಟ ಅನ್ನುವಳು.

ಅವಳಿಗೆ ಬಹಳ ಹಿಡಿಸಿದ್ದು ಮೇಕೆಯ ಕಥೆ. ಬಡಾ ಬಾಗ್ ಎನ್ನುವಲ್ಲಿ ರಾಜರ ಸಮಾಧಿಯ ಮಂಟಪಗಳಿವೆ. ಅದರ ಮೆಟ್ಟಿಲ ಮೇಲೆ ಡಬ್ಬಿ ತೆರೆದಿಟ್ಟು ಅಮ್ಮ ಕೈ ತೊಳೆಯಲು ಹೋದಳು. ಎಲ್ಲಿತ್ತೋ ಒಂದು ಮೇಕೆ, ಡಬ್ಬಿಯೊಳಗೆ ಮೂತಿ ಹಾಕಿತು. ಮೂತಿ ಸಿಕ್ಕಿಕೊಂಡಿತು. ಡಬ್ಬಿಯ ಸಮೇತ ಓಡತೊಡಗಿತು. ಅಪ್ಪ ಅದರ ಹಿಂದೆ ಓಡಿದರು. ಅನ್ನ ಹೋಯಿತೆಂದಲ್ಲ. ಡಬ್ಬಿಯ ತಳದಲ್ಲಿ ಮಿಡಿ ಉಪ್ಪಿನಕಾಯಿ ಇತ್ತು. "ಖಾರ ಕಣೋ! ಖಾರ!" ಎಂದು ರಾಜಸ್ಥಾನದ ಮೇಕೆಗೆ ಕನ್ನಡದಲ್ಲಿ ಎಚ್ಚರಿಕೆ ಕೊಡುತ್ತಾ, ಸಮಾಧಿಗಳ ನಡುವೆ, ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಓಡುತ್ತಿದ್ದ ನನ್ನ ಅಪ್ಪ. ಇದನ್ನು ಹೇಳಿದಾಗ ಗೆಳತಿ ಕೆರೆಯ ದಂಡೆಯಲ್ಲಿ ಕುಳಿತುಬಿಟ್ಟು ಕಣ್ಣೀರು ಬರುವ ಹಾಗೆ ನಕ್ಕಿದ್ದಳು.

ಇನ್ನೊಂದನ್ನೂ ಹೇಳಿದ್ದೆ. ತಿರುಗಾಟ ಮುಗಿಸಿ ಊರಿಗೆ ಮರಳುವಾಗ ಅಪ್ಪ ಕೋಟೆಯ ಗೋಡೆಯ ಪಕ್ಕ ಸ್ಕೂಟರ್ ನಿಲ್ಲಿಸುತ್ತಿದ್ದರು. ಸೂರ್ಯ ಮುಳುಗಿ ಆಗಿರುತ್ತಿತ್ತು. ನನ್ನ ಅಂಗೈಯನ್ನು ಹಳದಿ ಕಲ್ಲಿಗೆ ಒತ್ತಿ, "ನೋಡು ಪುಟ್ಟಿ, ಬಿಸಿಲು ಇನ್ನೂ ಒಳಗೇ ಕೂತಿದೆ" ಅನ್ನುವರು. ನಿಜಕ್ಕೂ ಇರುತ್ತಿತ್ತು.

2021ರ ಎರಡನೇ ಅಲೆಯಲ್ಲಿ ಅಪ್ಪ ಹೋದರು. ನನ್ನ ವೀಸಾ ಮುಗಿದಿತ್ತು. ಹೋದರೆ ವಾಪಸು ಬರಲು ಹೊಸ ವೀಸಾದ ಸ್ಟ್ಯಾಂಪಿಂಗ್ ಆಗದೆ ಅಲ್ಲೇ ಉಳಿಯಬೇಕು, ಇಲ್ಲಿ ಚಿಕ್ಕ ಮಗು, ಗಂಡನಿಗೆ ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಕಾಲ. ಹೋಗಲಿಲ್ಲ. ಅಪ್ಪನನ್ನು ಕಡೆಯ ಸಲ ನೋಡಿದ್ದು ನನ್ನ ತಮ್ಮ ಹಿಡಿದಿದ್ದ ಫೋನಿನಲ್ಲಿ, ಅದೂ ಅಲುಗಾಡುತ್ತಿತ್ತು. ಆಗ ನನ್ನ ಪಕ್ಕ ಸೋಫಾದಲ್ಲಿ ಕುಳಿತು ನನ್ನ ಬೆನ್ನು ಸವರುತ್ತಿದ್ದವಳು ಅವಳೇ. ಸುಳ್ಳು ಹೇಳುವುದಿಲ್ಲ, ಅವತ್ತು ಅವಳಿಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಅವಳಾಗಿಯೇ ಹೇಳಿದಳು:

"ನಿನ್ನ ಗ್ರೀನ್ ಕಾರ್ಡ್ ಬರ್ಲಿ, ಇಬ್ರೂ ಜೈಸಲ್ಮೇರಿಗೆ ಹೋಗೋಣ. ಆ ಗೋಡೆಗೆ ಕೈ ಇಡೋಣ. ನೀನಿಲ್ದೆ ನಾನು ಹೋಗಲ್ಲ, ಪ್ರಾಮಿಸ್."

ನಾನು ಅವಳನ್ನು ಪ್ರಾಮಿಸ್ ಕೇಳಿರಲಿಲ್ಲ. ಕೇಳದೆ ಕೊಟ್ಟದ್ದನ್ನು ಗಂಟು ಹಾಕಿಕೊಂಡು ಇಟ್ಟುಕೊಂಡೆ. ಅಪ್ಪನಿಗೆ ನಾನು ಕೊಡಬೇಕಾದ ವಿದಾಯ ಅಲ್ಲಿ ಬಾಕಿ ಇದೆ, ಅದಕ್ಕೆ ಇವಳು ಜೊತೆಗಿರುತ್ತಾಳೆ ಎನ್ನುವುದು ನನ್ನೊಳಗೆ ಗಟ್ಟಿಯಾಗಿ ಕುಳಿತಿತ್ತು. ಆಮೇಲಿನ ವರ್ಷಗಳಲ್ಲಿ ನಮ್ಮ ನಡಿಗೆಯೆಲ್ಲ ಅದೇ ತಯಾರಿ. ಮೊದಲು ಕೋಟೆ, ಆಮೇಲೆ ಹಳೇ ಶ್ರೀಮಂತರ ಹವೇಲಿಗಳು, ಲೋದರ್ವಾಕ್ಕೆ ಬೆಳಿಗ್ಗೆ ಹೋಗಬೇಕು, ಕುಲಧರಾಕ್ಕೆ ಸಂಜೆ. ಒಂದು ಸಲ ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಂಡು ಇಲ್ಲಿಯದೇ ಬೊರೆಗೋ ಮರಳುಗಾಡಿಗೆ ಹೋಗಿ ಬಂದೆವು, ರಿಹರ್ಸಲ್ ಎಂದು. ಮೇಕೆ ಬರಲಿಲ್ಲವಲ್ಲ ಎಂದು ಅವಳಿಗೆ ಬೇಸರ.

ಹಾಬೂರಿಗೂ ಹೋಗುವುದೆಂದು ನಿರ್ಧಾರವಾಗಿತ್ತು. ಅದು ಜೈಸಲ್ಮೇರಿನಾಚೆಯ ಒಂದು ಹಳ್ಳಿ. ಅಲ್ಲಿ ಸಿಗುವ ಕಂದು ಕಲ್ಲಿನ ಬಟ್ಟಲಿನಲ್ಲಿ ಹಾಲಿಟ್ಟರೆ ಹೆಪ್ಪಿಲ್ಲದೆಯೇ ಮೊಸರಾಗುತ್ತದೆ ಎಂದು ಆ ಕಡೆಯವರ ನಂಬಿಕೆ. ಅಮ್ಮನ ಹತ್ತಿರ ಒಂದಿತ್ತು. ಅಮ್ಮ ಕಲ್ಲನ್ನು ಪೂರ್ತಿ ನಂಬದೆ ಯಾರೂ ನೋಡದಾಗ ಒಂದು ಹನಿ ಹೆಪ್ಪು ಬೆರೆಸುತ್ತಿದ್ದಳು. ವರ್ಗವಾಗಿ ಹೊರಡುವಾಗ ಲಾರಿಯಲ್ಲಿ ಅದು ಒಡೆದುಹೋಯಿತು.

ವರ್ಷಗಳು ಹೋದವು. ಅವಳಿಗೆ ಪೌರತ್ವವೇ ಬಂತು. ನನ್ನ ಗ್ರೀನ್ ಕಾರ್ಡ್ ಸರದಿಯಲ್ಲೇ ಉಳಿಯಿತು. ಹೋದ ಡಿಸೆಂಬರಿನಲ್ಲಿ ಅವಳು, "ಮಾವನಿಗೆ ಕಣ್ಣಿನ ಆಪರೇಷನ್, ಬೆಂಗಳೂರಿಗೆ ಹೋಗಿ ಬರ್ತೀವಿ" ಎಂದಳು. ನಮ್ಮಲ್ಲಿ ಯಾರು ಇಂಡಿಯಾಕ್ಕೆ ಹೊರಟರೂ ಸೂಟ್‌ಕೇಸಿನಲ್ಲಿ ಮಿಕ್ಕವರ ಪೊಟ್ಟಣಗಳಿಗೆ ಜಾಗ ಬಿಡುವುದು ವಾಡಿಕೆ. ಅಮ್ಮ ಈಗ ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಅವಳಿಗೆಂದು ನಡೆಯುವ ಶೂ, ಮಾತ್ರೆಗಳು, ಬಾದಾಮಿ ಕಟ್ಟಿ ಕೊಟ್ಟೆ. ಗೆಳತಿಯ ಮನೆಯ ಕರಿಬೇವಿಗೆ ನೀರು ಹಾಕುವುದು ನನ್ನ ಪಾಲಿಗೆ. ಅವಳ ಹೆಪ್ಪನ್ನು ಜೀವಂತ ಇಟ್ಟುಕೊಳ್ಳುವುದೂ ನನ್ನ ಪಾಲಿಗೆ. ಅವಳ ಮೊಸರು ನನ್ನದಕ್ಕಿಂತ ಗಟ್ಟಿ, ಬೆರೆಸಬಾರದು ಎಂದು ನನ್ನ ಫ್ರಿಜ್ಜಿನಲ್ಲಿ ಬೇರೆ ಬಟ್ಟಲಿಟ್ಟು, ದಿನ ಬಿಟ್ಟು ದಿನ ಹೊಸ ಹಾಲಿಗೆ ಹಾಕಿ ಕಾಪಾಡಿದೆ. ಬಾಣಂತಿಯ ಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ ಅಂದರೂ ತಪ್ಪಿಲ್ಲ.

ಅಮ್ಮ ಫೋನಿನಲ್ಲಿ, "ಶೂ ಬಂತು ಕಣೇ. ನಿನ್ನ ಫ್ರೆಂಡ್ ಬರ್ಲೇ ಇಲ್ಲ, ಕೊರಿಯರ್‌ನಲ್ಲಿ ಕಳಿಸಿದ್ಲು" ಅಂದಳು. ಪಾಪ, ಆಸ್ಪತ್ರೆ ಓಡಾಟ ಇರುತ್ತದೆ ಎಂದು ನಾನೇ ಸಮಾಧಾನ ಹೇಳಿದೆ. ವಾಪಸು ಬಂದ ಮೇಲೆ ಅವಳು ಮಾವನ ಕಣ್ಣಿನ ಬಗ್ಗೆ ಹೇಳಿದ್ದು ಕಡಿಮೆ. ನಡಿಗೆಗೂ ಬರುವುದು ಕಡಿಮೆಯಾಯಿತು. ಮೊಣಕಾಲು ನೋವು ಎಂದಳು. ನಾನು ಎಣ್ಣೆ ಕಾಯಿಸಿ ಕೊಟ್ಟೆ. ಇಷ್ಟು ಪೆದ್ದಿ ನಾನು.

ಈ ಯುಗಾದಿಯ ವಾರ ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದಲ್ಲಿ ಅವಳ ಪರಿಚಯದವರ ಮನೆಯಲ್ಲಿ ಊಟವಿತ್ತು. "ನೀನೂ ಬಾ, ಹೋಳಿಗೆ ಇರುತ್ತೆ" ಎಂದು ನನ್ನನ್ನೂ ಕರೆದಳು. ಈಗ ಯೋಚಿಸಿದರೆ, ನನ್ನನ್ನು ಕರೆದದ್ದು ಅವಳ ಧೈರ್ಯವೋ, ಮರೆವೋ, ಆ ವಿಷಯ ಯಾರೂ ಎತ್ತುವುದಿಲ್ಲ ಎಂಬ ಲೆಕ್ಕಾಚಾರವೋ ತಿಳಿಯದು. ಗಂಡಸರಿಗೆ ಬೇರೆ ಕೆಲಸವಿತ್ತು. ನನ್ನ ಕಾರಿನಲ್ಲಿ ನಾವಿಬ್ಬರೇ ಹೋದೆವು.

ಮನೆಯಾಕೆ ಧಾರವಾಡದ ಕಡೆಯವರು, ದೊಡ್ಡ ದನಿ, ದೊಡ್ಡ ಮನಸ್ಸು. ಬಡಿಸಿದ್ದನ್ನು ಬೇಡ ಅನ್ನಲು ಬಿಡದವರು. ಊಟದ ಕೊನೆಗೆ ಮೊಸರು ತಂದರು. ಕಂದು ಬಣ್ಣದ ಕಲ್ಲಿನ ಬಟ್ಟಲು, ಮೈಮೇಲೆ ಹಳದಿ ಚುಕ್ಕೆ. ಅದನ್ನು ನೋಡಿದ ಕೂಡಲೇ ನನಗೆ ಅಮ್ಮನ ಅಡುಗೆಮನೆಯ ಕಿಟಕಿ ಕಂಡಿತು.

"ಇದು ಹಾಬೂರ ಕಲ್ಲಿನ ಬಟ್ಟಲ ನೋಡ್ರಿ" ಎಂದರು ಆಕೆ, ನನ್ನ ಕಡೆ ತಿರುಗಿ. "ಡಿಸೆಂಬರದಾಗ ನಾವು ನಾಲ್ಕು ಮನಿಯವರು ಕೂಡಿ ಜೈಸಲ್ಮೇರಕ್ಕ ಹೋಗಿದ್ವಿ. ಎಲ್ಲಾರೂ ಒಂದೊಂದ ತಂದ್ವಿ. ನಿಮ್ಮ ಗೆಳತಿನs ನಮಗ ಗೈಡ್. ಆ ಹಳ್ಳಿ ನಮಗೇನ್ ಗೊತ್ತಿತ್ರಿ, ಇವರs ಕರಕೊಂಡ ಹೋದ್ರು."

ನಾನು ಗೆಳತಿಯ ಕಡೆ ನೋಡಿದೆ. ಅವಳು ಹೋಳಿಗೆಯನ್ನು ಚೂರು ಚೂರು ಮಾಡುತ್ತಿದ್ದಳು.

"ಸ್ಟೇಟಸ್‌ನಾಗ ದಿನಾ ಫೋಟೋ ಹಾಕ್ತಿದ್ರಲ್ರಿ, ನೀವು ನೋಡ್ಲಿಲ್ಲೇನು?"

ನೋಡಿರಲಿಲ್ಲ. ನನಗೊಬ್ಬಳಿಗೇ ಕಾಣದ ಹಾಗೆ ಹಾಕಿದ್ದಳು. ನಾನು ಅವಳ ಮೊಸರನ್ನು ಮಗುವಿನ ಹಾಗೆ ಕಾಯುತ್ತಿದ್ದ ದಿನಗಳಲ್ಲೇ.

"ಊರs ಬಾಯಿಪಾಠ ಇವರಿಗೆ. ಯಾವ ಬಾಗಲದಾಗ ಗಾಳಿ ಬರ್ತದ, ಯಾವ ಕೆರಿಯೊಳಗ ಮೀನ ಅದಾವು. ಇರಬೇಕಲ್ರಿ ಮತ್ತ. ಇವರಪ್ಪಾರು ಅಲ್ಲೇ ಏರ್‌ಫೋರ್ಸ್‌ನಾಗ ಇದ್ರಂತ, ಇವರು ಸಣ್ಣಾಕಿ ಇದ್ದಾಗ." ಅಷ್ಟರಲ್ಲಿ ಆಕೆಗೆ ನಗು ಬಂದುಬಿಟ್ಟಿತು. ಪಕ್ಕದಲ್ಲಿ ಕುಳಿತಿದ್ದ ಇನ್ನಿಬ್ಬರೂ ಆಗಲೇ ನಗಲು ಶುರು ಮಾಡಿದ್ದರು. ಮುಂದೆ ಏನು ಬರುತ್ತದೆಂದು ಅವರಿಗೆ ಗೊತ್ತಿತ್ತು. "ಆ ಆಡಿನ ಕಥಿ ಕೇಳೀರೇನ್ರಿ ನೀವು? ಮೊಸರನ್ನದ ಡಬ್ಬಿಯೊಳಗ ಆಡು ಮೂತಿ ಹಾಕಿ ಓಡಿದ್ದು? ಇವರಪ್ಪಾರು ಬೆನ್ನ ಹತ್ತಿ, ಖಾರ ಕಣೋ, ಖಾರ!"

ಅಪ್ಪನ ದನಿಯನ್ನೇ ಅನುಕರಿಸಿದರು. ಪಾಪ, ಆಕೆಗೆ ಅದು ನನ್ನ ಅಪ್ಪನ ದನಿ ಎಂದು ಗೊತ್ತಿಲ್ಲ. ಟೇಬಲ್ಲಿನ ಸುತ್ತ ಎಲ್ಲರೂ ನಗುತ್ತಿದ್ದರು. ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಓಡುತ್ತಿದ್ದ ನನ್ನ ಅಪ್ಪ ನನ್ನ ಕಣ್ಣೆದುರಿಗೇ ಇನ್ನೊಬ್ಬಳ ಅಪ್ಪನಾಗಿ ಓಡುತ್ತಿದ್ದರು. ಬೆನ್ನಿಗೆ ಚೂರಿ ಹಾಕುವುದು ಎನ್ನುತ್ತಾರಲ್ಲ, ಅದು ಸುಳ್ಳು. ಬೆನ್ನಿಗಲ್ಲ, ಮೊಸರು ಬಡಿಸಿಕೊಂಡು ಕುಳಿತಾಗ ಎದುರಿಗೇ ಹಾಕುತ್ತಾರೆ.

"ನೀವು ನೋಡೀರೇನ್ರಿ ಜೈಸಲ್ಮೇರ?" ಆಕೆ ಕೇಳಿದರು.

ಗೆಳತಿ ಆಗ ತಲೆಯೆತ್ತಿದಳು. ಆ ಕಣ್ಣುಗಳನ್ನು ನಾನು ಬಲ್ಲೆ. ಫೋನಿನಲ್ಲಿ ಅಪ್ಪನನ್ನು ನೋಡುತ್ತಿದ್ದಾಗ ನನ್ನ ಪಕ್ಕದಲ್ಲಿ ಅತ್ತ ಕಣ್ಣುಗಳು ಅವು. ನಾನು ಒಂದೇ ಒಂದು ಮಾತು ಹೇಳಿದ್ದರೆ ಅವಳು ಆ ಮನೆಯಲ್ಲಿ ಇನ್ನೆಂದೂ ತಲೆ ಎತ್ತುವ ಹಾಗಿರಲಿಲ್ಲ. ಹೇಳಬೇಕೆಂದೇ ಬಾಯಿ ತೆರೆದೆ.

"ಇಲ್ಲ" ಎಂದೆ. "ನಾನು ಜೈಸಲ್ಮೇರ್ ನೋಡಿಲ್ಲ."

"ಒಮ್ಮೆ ಹೋಗಿ ಬರ್ರಿ. ಇವರನ್ನs ಕರಕೊಂಡ ಹೋಗ್ರಿ" ಎಂದು ಆಕೆ ನನ್ನ ಅನ್ನದ ಮೇಲೆ ಮೊಸರು ಸುರಿದರು. ತಿಂದೆ. ಎಲೆ ಖಾಲಿ ಮಾಡಿಯೇ ಎದ್ದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊರಟೆವು. ಲಾಸ್ ಏಂಜಲೀಸ್ ಟ್ರಾಫಿಕ್ಕಿನಲ್ಲಿ ಕಾರು ತೆವಳುತ್ತಿತ್ತು. ಸ್ಯಾನ್ ಕ್ಲೆಮೆಂಟೆ ಊರು ದಾಟಿದ ಮೇಲೆ ಬಲಕ್ಕೆ ಸಮುದ್ರ ಕಂಡಿತು. ಆಮೇಲೆ ಅವಳೇ ಶುರು ಮಾಡಿದಳು.

"ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣೇ."

"ಹೋಗಿದ್ದಕ್ಕೆ ಏನೂ ಅನ್ನಲ್ಲ. ಎಷ್ಟು ವರ್ಷ ಅಂತ ಕಾಯ್ತೀಯ, ಅದು ಅರ್ಥ ಆಗುತ್ತೆ. ನಮ್ಮಪ್ಪನ್ನ ಯಾಕೆ ಕದ್ದೆ?"

"ಕದ್ದೆ ಅಂತೆಲ್ಲ ಹೇಳ್ಬೇಡ ಪ್ಲೀಸ್. ಅವ್ರು ಕೇಳಿದ್ರು, ನಿಂಗೆ ಹೇಗೆ ಇಷ್ಟೆಲ್ಲ ಗೊತ್ತು ಅಂತ. ಫ್ರೆಂಡ್ ಹೇಳಿದ್ಲು ಅಂದ್ರೆ, ಅವಳನ್ನ ಯಾಕೆ ಕರ್ಕೊಂಡ್ ಬರ್ಲಿಲ್ಲ ಅಂತಾರೆ. ನಮ್ಮಪ್ಪ ಇದ್ರು ಅಂತ ಬಾಯಿಗೆ ಬಂದ್ಬಿಡ್ತು. ಒಂದ್ಸಲ ಹೇಳಿದ್ಮೇಲೆ ವಾಪಸ್ ತಗೊಳಕ್ಕೆ ಆಗ್ಲಿಲ್ಲ."

"ಮೇಕೆ ಕಥೆನೂ ಬಾಯಿಗೆ ಬಂತಾ?"

ಅವಳು ಕಿಟಕಿಯ ಕಡೆ ತಿರುಗಿದಳು. "ಎಲ್ರೂ ಎಷ್ಟು ನಕ್ರು ಗೊತ್ತಾ. ನಮ್ಮಪ್ಪನ ಬಗ್ಗೆ ಹೇಳೋಕೆ ನಂಗೆ ಅಂಥದ್ದು ಒಂದೂ ಇಲ್ಲ" ಎಂದಳು.

ಅದು ನಿಜವಿರಬಹುದು. ನಿಜವಾದರೂ ನನಗೆ ಕರುಣೆ ಬರಲಿಲ್ಲ. ಅವಳಿಗೆ ಇನ್ನೂ ಅಪ್ಪ ಇದ್ದಾರೆ, ಗಾಂಧಿಬಜಾರಿನಲ್ಲಿ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾರೆ, ಬೇಕೆಂದರೆ ಇವತ್ತೇ ಫೋನ್ ಮಾಡಿ ಹೊಸ ಕಥೆ ಕೇಳಬಹುದು. ನನ್ನ ಬಳಿ ಇರುವುದು ಇದ್ದಷ್ಟೇ. ಹೊಸದು ಹುಟ್ಟುವುದಿಲ್ಲ.

"ಗೋಡೆಗೆ ಕೈ ಇಟ್ಯಾ?" ಕೇಳಿದೆ.

"ಇಟ್ಟೆ" ಎಂದಳು.

"ಬಿಸಿ ಇತ್ತಾ?"

"ಡಿಸೆಂಬರ್ ಅಲ್ವಾ. ತಣ್ಣಗೆ ಕೊರೀತಿತ್ತು."

ನನಗೆ ಸಂತೋಷವಾಯಿತು. ಯಾಕೆ ಮುಚ್ಚಿಡಲಿ, ಬಹಳ ಸಂತೋಷವಾಯಿತು. ಎಕ್ಸಿಟ್ ಬರುವವರೆಗೂ ಆ ಒಂದು ಮಾತನ್ನೇ ಚಪ್ಪರಿಸಿಕೊಂಡು ಓಡಿಸಿದೆ.

ಅವಳನ್ನು ಅವಳ ಮನೆ ಮುಂದೆ ಇಳಿಸಿ ನಮ್ಮ ಮನೆಗೆ ಬಂದೆ. ಗಂಡ ಮಗನನ್ನು ಈಜಿಗೆ ಕರೆದುಕೊಂಡು ಹೋಗಿದ್ದ. ಸೀರೆ ಕೂಡ ಬದಲಿಸದೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಯಾಕೆ ಇಲ್ಲ ಅಂದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಅವಳ ಮಾನ ಉಳಿಸಿದೆ, ಸರಿ. ಅದಕ್ಕಾಗಿ ತುಂಬಿದ ಪಂಕ್ತಿಯಲ್ಲಿ ಅಪ್ಪನನ್ನು ಬಿಟ್ಟುಕೊಟ್ಟೆನಲ್ಲ. ಅವಳ ಮೇಲಿನ ಸಿಟ್ಟಿಗಿಂತ ಅದು ಹೆಚ್ಚು ಉರಿಯುತ್ತಿತ್ತು.

ಬೆಲ್ ಆಯಿತು. ಬಾಗಿಲು ತೆಗೆದರೆ ಅವಳು, ಕೈಯಲ್ಲಿ ಪುಟ್ಟ ಸ್ಟೀಲ್ ಬಟ್ಟಲು. 2020ರಲ್ಲಿ ನಮ್ಮ ಬಾಗಿಲಲ್ಲಿ ಇಟ್ಟುಹೋಗಿದ್ದದ್ದೇ. ಅತ್ತು ಬಂದಿದ್ದಳು, ಮುಖ ತೊಳೆದುಕೊಂಡಿದ್ದರೂ ಗೊತ್ತಾಗುತ್ತಿತ್ತು.

"ಆ ಕಲ್ಲಲ್ಲಿ ಮೊಸರು ಆಗ್ತಾನೇ ಇಲ್ಲ ಕಣೇ" ಎಂದಳು. "ಸ್ವಲ್ಪ ಹೆಪ್ಪು ಕೊಡ್ತೀಯಾ?"

ಅವಳು ಕೇಳಿದ್ದು ಹೆಪ್ಪಲ್ಲ ಎಂದು ನನಗೆ ಗೊತ್ತು. ಬಟ್ಟಲು ಕೈಗೆ ತೆಗೆದುಕೊಂಡು ಒಳಗೆ ಹೋಗಿ ಒಂದು ಚಮಚ ಹಾಕಿ ತಂದುಕೊಟ್ಟರೆ ಎಲ್ಲ ಸರಿಹೋಗುತ್ತಿತ್ತು. ಎಷ್ಟೋ ಸಲ ಹಾಗೇ ಸರಿಹೋಗಿತ್ತು. ಫ್ರಿಜ್ಜಿನಲ್ಲಿ ಮೊಸರು ಇತ್ತು. ಅವಳಿಗೂ ಅದು ಗೊತ್ತು.

"ದೀಪ ಹಚ್ಚಿ ಆಯ್ತು" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಗಲು ಹೋದಳು, ಟೈಮ್ ಝೋನ್ ಎಂದೇನೋ ಹೇಳಲು ಬಾಯಿ ತೆರೆದಳು. ಆಮೇಲೆ ನನ್ನ ಮುಖ ನೋಡಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೊರಗೆ ಇನ್ನೂ ಬೆಳಕಿತ್ತು. ಅವಳು ಬೀದಿಯ ತಿರುವು ದಾಟುವವರೆಗೂ ನಿಂತಿದ್ದು ಬಾಗಿಲು ಹಾಕಿದೆ.

ಆಮೇಲೆ ಒಳಗೆ ಹೋಗಿ, ಅಪ್ಪನ ಫೋಟೋದ ಮುಂದೆ ದೀಪ ಹಚ್ಚಿದೆ.